ಮುಟ್ಟದೆ ಬಂದ ಹಾಳೆ

ಹುಣಸೂರು ಕಡೆಯ ನಮ್ಮ ಪಂಪ್‌ಹೌಸಿನಿಂದ ದಿನಾ ಬೆಳಿಗ್ಗೆ ಒಂದು ಹಾಳೆ ಹೊರಗೆ ಹೋಗುತ್ತದೆ. ಅದರಲ್ಲಿ ಎರಡು ಕೆರೆಗಳ ಚಿತ್ರ, ಒಂದೊಂದು ಕೆರೆಯ ಪಕ್ಕದಲ್ಲೂ ನೀರಿನ ಮಟ್ಟ ತೋರಿಸುವ ನೀಲಿ ಪಟ್ಟಿ, ನಡುವೆ ಪೈಪು, ಪೈಪು ಕವಲೊಡೆಯುವ ಕಡೆ ಒಂದು ವಾಲ್ವು, ಬಲಗಡೆ ಮೂಲೆಯಲ್ಲಿ ತಾರೀಕು ಮತ್ತು ಗಂಟೆ ಇರುತ್ತವೆ. ನಾನು ಪತ್ರಿಕೆಯಲ್ಲಿದ್ದ ವರ್ಷಗಳಲ್ಲಿ ಬರೆದ ಸುದ್ದಿಗಳು ಎಷ್ಟೋ ಅಚ್ಚಾಗಿವೆ. ಅವುಗಳಲ್ಲಿ ಯಾವುದನ್ನೂ ಜನ ಈ ಹಾಳೆಯಷ್ಟು ಹತ್ತಿರ ಮುಖವಿಟ್ಟು ಓದಿದ್ದನ್ನು ನಾನು ಕಂಡಿಲ್ಲ.

ನನ್ನ ವಿಷಯ ಚಿಕ್ಕದು, ಮೊದಲೇ ಮುಗಿಸುತ್ತೇನೆ. ಊರು ಸರಗೂರು. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಸೇರಿದ್ದು ಪತ್ರಿಕೆ. ಹುಣಸೂರಿನಲ್ಲಿ ಕೂತು ಸುತ್ತಿನ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ತಂಬಾಕು ಹರಾಜು, ಕಾಡಂಚಿನ ಆನೆ, ಪಂಚಾಯಿತಿ ಸಭೆ, ರಸ್ತೆ ಗುಂಡಿ. ತಾಲ್ಲೂಕಿಗೆ ಕೊಡುತ್ತಿದ್ದ ಪುಟ ನಿಂತಾಗ ನನ್ನ ಕೆಲಸವೂ ನಿಂತಿತು. ನದಿಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆಗೆ ಆಪರೇಟರು ಬೇಕಿದ್ದಾರೆ ಎಂದು ಯಾರೋ ಹೇಳಿದರು. ಟ್ರಂಕಿನ ತಳದಲ್ಲಿದ್ದ ಡಿಪ್ಲೊಮಾ ಸರ್ಟಿಫಿಕೇಟು ತೆಗೆದುಕೊಂಡು ಹೋದೆ.

ಅಲ್ಲಿದ್ದ ಹಿರಿಯ ಆಪರೇಟರು ಕೆ.ಆರ್. ನಗರದವರು. ಅದಕ್ಕೂ ಮುಂಚೆ ರೈಸ್ ಮಿಲ್ಲಿನಲ್ಲಿ ಮೋಟರು ನೋಡಿಕೊಂಡಿದ್ದರು. ಮೊದಲ ದಿನವೇ ನನಗೆ 'ಪೇಪರ್ ಮೇಡಂ' ಎಂದು ಹೆಸರಿಟ್ಟರು.

"ಪೇಪರ್ ಮೇಡಂ, ಇಲ್ಲಿ ಸುದ್ದಿ ಬಿಟ್ರೆ ಆಗಲ್ಲ, ನೀರು ಬಿಡ್ಬೇಕು" ಅಂದರು.

ಪಂಪ್‌ಹೌಸಿನ ಕೆಲಸವೆಲ್ಲ ಒಂದು ಕಂಪ್ಯೂಟರಿನ ಮೇಲೆ ಕಾಣುತ್ತದೆ. ಯಾವ ಮೋಟರು ಓಡುತ್ತಿದೆ, ಯಾವ ವಾಲ್ವು ತೆರೆದಿದೆ, ಯಾವ ಕೆರೆಯಲ್ಲಿ ನೀರು ಎಷ್ಟಿದೆ ಎನ್ನುವುದಕ್ಕೆ ಒಂದೊಂದು ಸ್ಕ್ರೀನು. ಪೈಪಿನ ಆ ತುದಿಯಲ್ಲಿ, ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿ ಹತ್ತಿರ ನದಿ ದಂಡೆಯ ಮೇಲೆ ಇನ್ನೊಂದು ಪಂಪ್‌ಹೌಸಿದೆ. ಅಲ್ಲಿಯ ಕಂಪ್ಯೂಟರಿನಲ್ಲೂ ಇವೇ ಸ್ಕ್ರೀನುಗಳು ಕಾಣುತ್ತವೆ. ಪೈಪಿನ ಜೊತೆಗೇ ನೆಲದಲ್ಲಿ ಹಾಸಿದ ಕೇಬಲ್ಲು ಎರಡನ್ನೂ ಸೇರಿಸಿದೆ. ಅಲ್ಲಿ ಕೂರುವ ನನ್ನ ಸಹೋದ್ಯೋಗಿ ಕೊಡವರು. ನಾವು ಮುಖಾಮುಖಿ ಭೇಟಿಯಾದದ್ದು ಕಡಿಮೆ, ಫೋನಿನಲ್ಲಿ ಮಾತಾಡಿದ್ದು ಹೆಚ್ಚು.

ಇನ್ನು ಹಾಳೆಯ ಕಥೆ. ನಮ್ಮ ಪೈಪು ತುಂಬಿಸಬೇಕಾದ ಕೆರೆಗಳು ಎರಡು, ಮೇಲಿನ ಊರಿನದೊಂದು, ಕೆಳಗಿನ ಊರಿನದೊಂದು. ಮೇಲಿನ ಕೆರೆಯ ನೀರು ಒಪ್ಪಿಕೊಂಡ ಗುರುತು ಮುಟ್ಟಿದ ಮೇಲೆ ವಾಲ್ವು ತನ್ನ ಮೋಟರಿನಿಂದ ತಾನಾಗೇ ಕೆಳಗಿನ ಕೆರೆಗೆ ತಿರುಗಬೇಕು. ನಿಯಮ ಇಷ್ಟೇ. ಆದರೆ ಗುರುತು ಮುಟ್ಟಿದೆಯೋ ಇಲ್ಲವೋ ಎಂದು ಯಾರು ಹೇಳಿದರೂ ಇನ್ನೊಂದು ಊರಿನವರು ಒಪ್ಪುತ್ತಿರಲಿಲ್ಲ. ಕೆಳಗಿನ ಊರಿನ ಕೆಲವು ಹುಡುಗರು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಉದ್ದನೆಯ ಚಾವಿ ಮಾಡಿಸಿಕೊಂಡು ಬಂದು ವಾಲ್ವನ್ನು ತಾವೇ ತಿರುಗಿಸಿದ್ದರು. ಮೇಲಿನ ಊರಿನವರು ಬಂದು ಮತ್ತೆ ತಿರುಗಿಸಿದರು. ಕೈ ಕೈ ಮಿಲಾಯಿಸುವ ತನಕ ಹೋಯಿತು.

ಆಗ ನಡುವೆ ನಿಂತವರು ಕೆಳಗಿನ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಸರದಿ ನೋಡಿ ಗದ್ದೆಗದ್ದೆಗೆ ನೀರು ಬಿಡುವುದು ಅವರ ಮನೆತನದ ಕೆಲಸ. ಐವತ್ತು ದಾಟಿದ ಮನುಷ್ಯ, ಒಂದು ಟಿವಿಎಸ್ ಗಾಡಿ, ಯಾವಾಗಲೂ ಮೊಣಕಾಲಿನವರೆಗೆ ಮಡಚಿದ ಪ್ಯಾಂಟು. ಎರಡೂ ಊರಿನವರು ಸೇರಿದ್ದ ಮಾತುಕತೆಯಲ್ಲಿ ಅವರು ಹೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದೆ.

"ದಿನಾ ಬೆಳಿಗ್ಗೆ ಪಂಪ್‌ಹೌಸಿನ ಕಂಪ್ಯೂಟರ್ ಹಾಳೆ ತಂದು ಡೈರಿ ಗ್ವಾಡೆಗೆ ಅಂಟುಸ್ತೀನಿ. ಹಾಳೆ ಬಂದ ದಿನ ಯಾವನೂ ವಾಲ್ವ್ ಮುಟ್ಟಂಗಿಲ್ಲ. ಚಾವಿ ನಮ್ಮನೇಲಿರ್ಲಿ. ಒಂದೇ ಒಂದಿನ ಹಾಳೆ ಬರ್ನಿಲ್ಲ ಅಂದ್ರೆ ನಾನೇ ಚಾವಿ ತಂದು ನಿಮ್ ಕೈಗೆ ಕೊಡ್ತೀನಿ. ಆಮ್ಯಾಕೆ ನಿಮ್ಮಿಷ್ಟ."

ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಆಗದೇ ಎಂದು ಯಾರಾದರೂ ಕೇಳಬಹುದು. ಕಳಿಸಿ ನೋಡಿದ್ದೆವು. ಯಾರೋ ಹಳೆಯ ಫೋಟೋವನ್ನು ಇವತ್ತಿನದೆಂದು ಗ್ರೂಪಿಗೆ ಹಾಕಿ ಅರ್ಧ ದಿನ ಊರು ಕುದಿಯಿತು. ತಾರೀಕು ಅಚ್ಚಾದ, ಕೈಯಲ್ಲಿ ಹಿಡಿಯಬಹುದಾದ ಹಾಳೆಯೇ ಬೇಕು ಎಂದು ಎರಡೂ ಊರು ಹಟ ಹಿಡಿದದ್ದು ಆಮೇಲೆ.

ಹಾಳೆ ಕೊಡುವುದು ನನ್ನ ಪಾಲಿಗೆ ಬಂತು. ಕಂಪ್ಯೂಟರಿನ ಆ ಸಾಫ್ಟ್‌ವೇರಿನಲ್ಲಿ ಸ್ಕ್ರಿಪ್ಟ್ ಬರೆಯುವ ಸೌಲಭ್ಯವಿದೆ. ಸ್ಕ್ರಿಪ್ಟ್ ಎಂದರೆ ಇಂಥ ಕೆಲಸ ಮಾಡು ಎಂದು ಯಂತ್ರಕ್ಕೆ ಬರೆದಿಟ್ಟ ನಾಲ್ಕಾರು ಸಾಲು. ಸ್ಕ್ರೀನನ್ನು ಅಚ್ಚು ಮಾಡಲು ಅದರಲ್ಲಿ ಸಿದ್ಧ ಫಂಕ್ಷನ್ನುಗಳಿವೆ ಎಂದು ಕೈಪಿಡಿಯಲ್ಲಿ ಓದಿದೆ. ಅದುವರೆಗೆ ನಮ್ಮಲ್ಲಿ ಯಾರೂ ಬಳಸಿರಲಿಲ್ಲ. ಕೆರೆಗಳ ಸ್ಕ್ರೀನಿನ ಮೂಲೆಯಲ್ಲಿ ಒಂದು ಬಟನ್ನು ಕೂರಿಸಿ, ಅದರ ಹಿಂದೆ ಸ್ಕ್ರಿಪ್ಟ್ ಬರೆದೆ. ಒತ್ತಿದರೆ ಕಾಣುತ್ತಿರುವ ಸ್ಕ್ರೀನು ಹಾಗೇ ಪ್ರಿಂಟರಿಗೆ ಹೋಗಬೇಕು. ಹೋಯಿತು. ಸ್ಕ್ರೀನಿನ ಹಿನ್ನೆಲೆ ಕಪ್ಪಾಗಿದ್ದರಿಂದ ಮೊದಲ ಹಾಳೆ ಮಸಿ ಕುಡಿದು ಒದ್ದೆಯಾಗಿ ಬಂತು. ಹಿನ್ನೆಲೆ ಬಿಳಿ ಮಾಡಿದೆ. ಕೆರೆಗಳ ಹೆಸರು ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಂದೆ. ಆ ದಿನ ಮನೆಗೆ ಹೋಗಿ ಅಮ್ಮನಿಗೆ ಆ ಹಾಳೆ ತೋರಿಸಿದೆ. ಪತ್ರಿಕೆಯಲ್ಲಿ ನನ್ನ ಮೊದಲ ಸುದ್ದಿ ಬಂದಾಗಲೂ ಹಾಗೆ ತೋರಿಸಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ನೀರುಗಂಟಿ ಬರುವುದು, ಹಾಳೆ ತೆಗೆದುಕೊಂಡು ಅಂಗಿಯೊಳಗೆ ಸೇರಿಸಿ ಹೋಗುವುದು, ಡೈರಿಗೆ ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ಓದುವುದು ನಡೆದುಕೊಂಡು ಬಂತು. ವಾಲ್ವನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ಆಯುಧಪೂಜೆ ಬಂತು.

ಹಿರಿಯ ಆಪರೇಟರಿಗೆ ಆಯುಧಪೂಜೆಯ ವಿಷಯದಲ್ಲಿ ರಾಜಿ ಇಲ್ಲ. ಪೂಜೆಗೆ ಇಟ್ಟ ಸ್ಪಾನರು, ಟೆಸ್ಟರು, ಯಾವುದನ್ನೂ ಮರುದಿನ ವಿಜಯದಶಮಿಯಲ್ಲಿ ಮತ್ತೆ ಮಂಗಳಾರತಿ ಆಗುವ ತನಕ ಮುಟ್ಟುವಂತಿಲ್ಲ. ರೈಸ್ ಮಿಲ್ಲಿನಲ್ಲಿದ್ದಾಗ ಹಾಗೆ ಮುಟ್ಟಿದ ಒಬ್ಬರ ಬೆರಳು ಬೆಲ್ಟಿಗೆ ಸಿಕ್ಕಿತ್ತು ಎಂದು ಒಮ್ಮೆ ಹೇಳಿದ್ದರು. ಮುಟ್ಟಿದ್ದಕ್ಕೇ ಹಾಗಾಯಿತು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಕಂಪ್ಯೂಟರೂ ಆಯುಧನೇ" ಅಂದರು. "ಮೋಟರು ಆಟೋದಲ್ಲಿ ತಾನಾಗೇ ಓಡ್ಕೊಳ್ಳುತ್ತೆ, ನಾವು ಮುಟ್ಟಲ್ಲ. ಕೀಬೋರ್ಡು, ಮೌಸು ಮುಟ್ಟಂಗಿಲ್ಲ."

"ಬೆಳಿಗ್ಗೆ ಹಾಳೆ?"

"ಅದನ್ನ ನೀವು ನೋಡ್ಕೊಳ್ಳಿ. ತಾನೇ ಬಂದ್ರೆ ನಂದೇನೂ ತಕರಾರಿಲ್ಲ."

ನನಗೆ ಅದು ಒಳ್ಳೆಯ ಸವಾಲಾಗಿ ಕಂಡಿತು. ಬಟನ್ನು ಒತ್ತುವ ಬದಲು ಬೆಳಿಗ್ಗೆ ಆರು ಗಂಟೆಗೆ ಸ್ಕ್ರಿಪ್ಟ್ ತಾನೇ ಓಡುವ ಹಾಗೆ ಬರೆದೆ. ಹಬ್ಬಕ್ಕೆ ಮುಂಚಿನ ಅಷ್ಟೂ ದಿನ ಹಾಳೆ ಆರಕ್ಕೆ ಸರಿಯಾಗಿ ಪ್ರಿಂಟರಿನಿಂದ ಇಳಿಯಿತು. ನೀರುಗಂಟಿ ಬಂದು, "ಇದೇನ್ ಮೇಡಂ, ಕೋಳಿ ಕೂಗ್ದಂಗೆ ಕೂಗ್ತದಲ್ಲ ಇದು" ಅಂದರು.

ಪೂಜೆಯ ದಿನ ಹಿರಿಯರು ಮೋಟರುಗಳಿಗೆಲ್ಲ ಚೆಂಡು ಹೂವಿನ ಹಾರ ಹಾಕಿದರು. ಬೂದುಗುಂಬಳ ಒಡೆದಾಯಿತು. ಪುರಿ, ಕಡ್ಲೆ, ಸಿಹಿ ಪೊಟ್ಟಣ ಕಟ್ಟಿದ್ದು ನಾನು. ಕಂಪ್ಯೂಟರಿನ ಚೌಕಟ್ಟಿಗೆ ವಿಭೂತಿ, ಕುಂಕುಮ ಇಟ್ಟು, ತಮ್ಮ ಮಗಳು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ ಚಾಮುಂಡಿ ತಾಯಿಯ ಚಿತ್ರವನ್ನು ಹಿರಿಯರು ಸ್ಕ್ರೀನಿನ ತುಂಬ ತೆರೆದಿಟ್ಟರು. ಕೆಂಪು ಸೀರೆ, ಚಿನ್ನದ ಕಿರೀಟ, ಹಿಂದೆ ಬೆಳಕು. ಚೆನ್ನಾಗಿ ಕಂಡಿತು. ನಾನೂ ಕೈ ಮುಗಿದೆ. ಕೀಬೋರ್ಡಿನ ಮೇಲೆ ಹೂವಿಟ್ಟು ಎಲ್ಲರೂ ಪುರಿ ತಿಂದೆವು.

ಸ್ಕ್ರಿಪ್ಟಿಗೆ ನಾನು ಹೇಳಿದ್ದು, ಕಾಣುತ್ತಿರುವ ಸ್ಕ್ರೀನನ್ನು ಅಚ್ಚು ಮಾಡು ಎಂದು. ಅದು ಹೇಳಿದಷ್ಟೇ ಮಾಡುತ್ತದೆ.

ವಿಜಯದಶಮಿಯ ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ಹಿರಿಯರು ಚೇರಿನಲ್ಲಿ ಕೂತು ಟೀ ಕುಡಿಯುತ್ತಿದ್ದರು. ಆರು ಗಂಟೆಗೆ ಪ್ರಿಂಟರು ಸದ್ದು ಮಾಡಿತು. ಸ್ವಲ್ಪ ಹೆಚ್ಚು ಹೊತ್ತೇ ಮಾಡಿತು. ಹಾಳೆಯಲ್ಲಿ ತಾಯಿ ಇಳಿದು ಬಂದಳು. ಕೆಂಪು ಸೀರೆ, ಚಿನ್ನದ ಕಿರೀಟ, ಎಲ್ಲ ಬಣ್ಣವೂ ಸರಿಯಾಗಿತ್ತು. ಕೆರೆ ಇರಲಿಲ್ಲ, ತಾರೀಕೂ ಇರಲಿಲ್ಲ.

ಹಿರಿಯರು ಟೀ ಲೋಟ ಕೆಳಗಿಟ್ಟು ಹಾಳೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

ಅಷ್ಟರಲ್ಲಿ ನೀರುಗಂಟಿಯ ಗಾಡಿ ಸದ್ದು. ಅದಕ್ಕೂ ಬಾಳೆಕಂದು, ಹೂವು. ಹಿಂದಿನ ಸೀಟಿಗೆ ಚಾವಿ ಕಟ್ಟಿತ್ತು. ಅದನ್ನು ಯಾಕೆ ತಂದಿದ್ದಾರೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು.

"ಹಬ್ಬುದ್ ದಿನ ಪಂಪ್‌ಹೌಸ್ನೋರು ಕಂಪ್ಯೂಟರ್ ಮುಟ್ಟಲ್ವಂತೆ, ಹಾಳೆ ಬರಾಕಿಲ್ಲ ಅಂತ ಊರಲ್ಲೆಲ್ಲ ಮಾತು. ಹುಡುಗ್ರು ಆಗ್ಲೇ ಡೈರಿ ತಾವು ಕುಂತವ್ರೆ. ಚಾವಿ ತಕಬಾ ಅಂದ್ರು. ತಂದಿವ್ನಿ. ಹಾಳೆ ಬಂದ್ರೆ ಅದು ಗಾಡಿ ಮ್ಯಾಲೇ ಇರ್ತದೆ. ಇಲ್ದಿದ್ರೆ ಕೊಡ್ಬೇಕು. ನಾನೇ ಆಡಿದ್ ಮಾತಲ್ವಾ."

ಹಿರಿಯರು ಹಾಳೆ ತೋರಿಸಿದರು. ನೀರುಗಂಟಿ ಚಪ್ಪಲಿ ಬಿಟ್ಟು ಕೈ ಮುಗಿದರು.

"ಇದ ತಕೊಂಡೋಗಿ ಏನಣ್ಣ ಹೇಳ್ಲಿ ನಾನು? ಕೆರೇಲಿ ನೀರೆಷ್ಟದೆ ಅಂದ್ರೆ, ತಾಯಿ ಕುಂತವ್ಳೆ ಅನ್ಲಾ?"

ಕೆಳಗಿನ ಊರಿನಲ್ಲಿ ಭತ್ತ ಹೊಡೆಗೆ ಬಂದಿತ್ತು, ಇನ್ನೇನು ತೆನೆ ಹೊರಡಬೇಕು. ಆ ಹೊತ್ತಿನಲ್ಲಿ ಗದ್ದೆ ಒಣಗಬಾರದು. ಮೇಲಿನ ಕೆರೆ ಗುರುತಿನ ಹತ್ತಿರ ಬಂದಿದೆ ಎಂದು ಹಿಂದಿನ ದಿನದ ಹಾಳೆ ಹೇಳಿತ್ತು. ಹಾಗಾಗಿ ಎಲ್ಲ ಹಾಳೆಗಳಿಗಿಂತ ಈ ಹಾಳೆಗೇ ಜನ ಕಾದಿದ್ದರು.

"ಅಣ್ಣ, ಒಂದೇ ಒಂದ್ಸಲ ಆ ಇಲಿ ಅಲ್ಲಾಡ್ಸಿ" ಎಂದು ನೀರುಗಂಟಿ ಮೌಸಿನ ಕಡೆ ಕೈ ತೋರಿಸಿದರು. "ನನ್ ಗಾಡಿಗೂ ಪೂಜೆ ಆಗದೆ. ಓಡುಸ್ಕೊಂಡೇ ಬಂದಿಲ್ವಾ?"

"ಗಾಡಿ ವಾಹನ ಕಣಪ್ಪ. ಇದು ಆಯುಧ."

"ನನ್ ಗಾಡಿ ಹಾರ್ನ್ ಕೇಳಿದ್ರೆ ನೀವು ಅದ್ನೂ ಆಯುಧ ಅಂತೀರ."

ಹಿರಿಯರು ನಕ್ಕರು, ಆದರೆ ಜಾಗ ಬಿಟ್ಟು ಅಲ್ಲಾಡಲಿಲ್ಲ. ಮಂಗಳಾರತಿಗೆ ಪುರೋಹಿತರು ಹೇಳಿದ ಹೊತ್ತು ಡೈರಿ ಬಾಗಿಲು ಹಾಕಿದ ಮೇಲೆ. ಅಲ್ಲಿಯವರೆಗೆ ಕಾದರೆ ಚಾವಿ ಹುಡುಗರ ಕೈಲಿರುತ್ತಿತ್ತು.

"ಹಂಗಾದ್ರೆ ಇದ್ರ ಹಿಂದ್ಗಡೆ ಪೆನ್ನಲ್ಲಿ ಬರ್ಕೊಡಿ ಮೇಡಂ. ನಿಮ್ ಮಾತು ನಂಬ್ತಾರೆ" ಎಂದರು ನೀರುಗಂಟಿ.

ನಾನು ಒಪ್ಪಲಿಲ್ಲ. ಸ್ಕ್ರೀನಿನ ತುಂಬ ತಾಯಿ ಇದ್ದಳು, ಮಟ್ಟ ಎಷ್ಟಿದೆ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಪೆನ್ನಿನಲ್ಲಿ ಬರೆದದ್ದು ನನ್ನ ಮಾತಾಗುತ್ತಿತ್ತು. ಅದೊಂದು ದಿನ ನನ್ನ ಮಾತು ನಡೆದರೆ ಮರುದಿನದಿಂದ ಪ್ರತಿ ಹಾಳೆಯೂ ಯಾರದೋ ಒಬ್ಬರ ಮಾತಾಗುತ್ತದೆ. ಡೆಸ್ಕಿನಲ್ಲಿ ನನಗೆ ಕಲಿಸಿದ್ದು ಇಷ್ಟು: ಖಚಿತವಿಲ್ಲದ್ದನ್ನು ಪುಟಕ್ಕೆ ಬಿಡಬೇಡ, ಪುಟ ತಡವಾಗಲೂ ಬಿಡಬೇಡ. ಎರಡನ್ನೂ ಒಟ್ಟಿಗೆ ಪಾಲಿಸಬೇಕಾದ ಬೆಳಿಗ್ಗೆಗಳು ಅಲ್ಲಿಯೂ ಬರುತ್ತಿದ್ದವು.

ಆಗ ನನಗೆ ಒಂದು ಫೋಟೋ ನೆನಪಾಯಿತು. ಸೆಪ್ಟೆಂಬರಿನಲ್ಲಿ ನದಿ ದಂಡೆಯ ಪಂಪ್‌ಹೌಸಿನಿಂದ ಸಹೋದ್ಯೋಗಿ ಕಳಿಸಿದ್ದು. ಅವರ ಕೀಬೋರ್ಡಿನ ಮೇಲೆ ಕೆಂಪು ಹಳದಿ ಎಸಳಿನ ತೋಕ್ ಪೂ. ಕೊಡಗಿನಲ್ಲಿ ಕೋವಿ, ಕತ್ತಿಗಳಿಗೆ ಪೂಜೆ ನಡೆಯುವುದು ಕೈಲ್ ಪೊಳ್ದ್ ಹಬ್ಬದಲ್ಲಿ, ಆ ಹೂವಿನಿಂದ. 'ನಮ್ಮದು ಮುಗಿಯಿತು' ಎಂದು ಕೆಳಗೆ ಬರೆದಿದ್ದರು.

ಫೋನು ಮಾಡಿದೆ.

"ನಿಮ್ಮ ಕಂಪ್ಯೂಟರು ಮುಟ್ಟಬಹುದಾ ಇವತ್ತು?"

"ಎಂತ ಮಾರಾಯ್ರೆ, ಮುಟ್ಟದೆ ಮತ್ತೆ? ನಮ್ಮ ಆಯುಧಕ್ಕೆ ಹೂ ಇಟ್ಟು ತಿಂಗಳಾಯ್ತಲ್ಲ."

ಹಿರಿಯರು ಪಕ್ಕದಲ್ಲೇ ಇದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಅವರ ಎದುರಿಗೇ ಕೇಳಿದೆ. ಅಲ್ಲಿಂದ ಅವರು ಅಚ್ಚು ಕೊಟ್ಟರೆ, ಹಾಳೆ ನಮ್ಮ ಪ್ರಿಂಟರಿನಲ್ಲಿ ಇಳಿದರೆ, ಇಲ್ಲಿ ಯಾರೂ ಮುಟ್ಟಿದ ಹಾಗಾಯಿತೇ? ಅವರು ಗಲ್ಲ ಕೆರೆದುಕೊಂಡು ಯೋಚಿಸಿದರು.

"ಅವ್ರ ಆಯುಧ, ಅವ್ರ ಕೈ. ನಂಗೇನು?"

ಎರಡೂ ಕಡೆ ಸ್ಕ್ರೀನುಗಳು ಒಂದೇ ಆದ್ದರಿಂದ ನನ್ನ ಬಟನ್ನು, ಸ್ಕ್ರಿಪ್ಟ್ ಅವರ ಕಂಪ್ಯೂಟರಿನಲ್ಲೂ ಇದ್ದವು. ಸ್ಕ್ರಿಪ್ಟಿನಲ್ಲಿ ಪ್ರಿಂಟರಿನ ಹೆಸರು ಹೇಳುವ ಒಂದು ಸಾಲಿದೆ. ಅಲ್ಲಿ ನಮ್ಮ ಪ್ರಿಂಟರಿನ ಹೆಸರು ಬರಬೇಕು. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ, ಅವರು ಹೊಡೆದರು. ಕೆರೆಗಳ ಸ್ಕ್ರೀನು ತೆರೆದರು. ಬಟನ್ನು ಒತ್ತಿದರು. ನಮ್ಮ ಪ್ರಿಂಟರು ಸುಮ್ಮನಿತ್ತು.

"ಬಂತಲ್ಲ" ಅಂದರು ಅವರು.

"ಇಲ್ಲಿ ಬಂದಿಲ್ಲ."

"ಇಲ್ಲಿ ಬಂತು. ನನ್ನ ಮೇಜಿನ ಮೇಲೆ."

ನೀರುಗಂಟಿ ಬಾಗಿಲಿಗೆ ಹೋಗಿ ರಸ್ತೆ ನೋಡಿ ವಾಪಸು ಬಂದರು. ಬದಲಾಯಿಸಿದ ಸಾಲನ್ನು ಸೇವ್ ಮಾಡಿದಿರಾ ಎಂದು ಕೇಳಿದೆ. ಮಾಡಿರಲಿಲ್ಲ. ಮಾಡಿದರು. ಮತ್ತೆ ಒತ್ತಿದರು.

ನಮ್ಮ ಪ್ರಿಂಟರಿನ ದೀಪ ಮಿನುಗಿತು. ಚಕ್ರ ತಿರುಗಿ ಕಾಗದ ಒಳಗೆಳೆದುಕೊಂಡಿತು. ಹಾಳೆ ನಿಧಾನವಾಗಿ ಬಂತು. ಮೊದಲು ತಾರೀಕು, ಗಂಟೆ, ಆಮೇಲೆ ಮೇಲಿನ ಕೆರೆ. ನೀಲಿ ಪಟ್ಟಿ ಗುರುತು ಮುಟ್ಟಿತ್ತು. ಆಮೇಲೆ ವಾಲ್ವು. ಅದರ ಬಾಣ ಕೆಳಗಿನ ಕೆರೆಯ ಕಡೆಗಿತ್ತು. ನಾವು ಅಲ್ಲಿ ವಾದ ಮಾಡುತ್ತಿದ್ದಾಗಲೇ ಯಂತ್ರ ತನ್ನ ನಿಯಮದಂತೆ ನೀರು ತಿರುಗಿಸಿ ಆಗಿತ್ತು. ಯಾರೂ ಚಾವಿ ಹಾಕದಿದ್ದರೆ ಸಾಕಿತ್ತು.

ಪ್ರಿಂಟರಿಗೂ ಕುಂಕುಮ ಇಟ್ಟಿದ್ದರು. ಹಾಳೆ ತೆಗೆದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಎಲ್ಲರೂ ಹಿರಿಯರನ್ನು ನೋಡಿದೆವು.

"ತಕೊಳ್ಳಿ" ಅಂದರು. "ಪ್ರಸಾದ ಅಂದ್ಕೊಳ್ಳಿ."

ನಾನು ನನ್ನ ಸ್ಕೂಟರಿನಲ್ಲಿ ನೀರುಗಂಟಿಯ ಹಿಂದೆಯೇ ಹೋದೆ. ಹೋಗಬೇಕಾದ ಅಗತ್ಯವಿರಲಿಲ್ಲ. ಪುಟ ಅಚ್ಚಾದ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಜನ ಓದುವುದನ್ನು ನೋಡುವ ಹಳೆಯ ಚಟ.

ಡೈರಿಯ ಕಟ್ಟೆಯ ಮೇಲೆ ಹುಡುಗರು ಕೂತಿದ್ದರು. ಹಾಲು ಹಾಕಿದವರೂ ಮನೆಗೆ ಹೋಗದೆ ನಿಂತಿದ್ದರು. ನೀರುಗಂಟಿ ಚಾವಿಯನ್ನು ಗಾಡಿಯ ಮೇಲೇ ಬಿಟ್ಟು, ಅಂಗಿಯೊಳಗಿಂದ ಹಾಳೆ ತೆಗೆದು, ಹಿಂದಿನ ದಿನದ ಹಾಳೆಯ ಮೇಲೆ ಅಂಟಿಸಿದರು. ಹುಡುಗರಲ್ಲಿ ಒಬ್ಬ ಎದ್ದು ಬಂದ. ತಾರೀಕಿನ ಮೇಲೆ ಬೆರಳಿಟ್ಟ, ಆಮೇಲೆ ಬಾಣದ ಮೇಲೆ.

"ನಮ್ ಕಡೀಕೆ ತಿರುಗ್ಬುಟ್ಟದೆ ಕಣ್ರಲಾ" ಅಂದ.

"ಹಬ್ಬುದ್ ದಿನಾನೂ ಹಾಳೆ ಕೊಟ್ರಾ?" ಎಂದು ಕ್ಯಾನು ಹಿಡಿದಿದ್ದ ಒಬ್ಬ ಹೆಂಗಸು ಕೇಳಿದರು.

"ಕೊಡ್ದೆ ಏನವ್ವ? ದಿನಾ ಬತ್ತದೆ ಅಂದಿರ್ನಿಲ್ವಾ" ಅಂದರು ನೀರುಗಂಟಿ. ಪಂಪ್‌ಹೌಸಿನಲ್ಲಿ ನಡೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹುಡುಗರು ಕಟ್ಟೆಯಿಂದ ಎದ್ದು ಟಿವಿಯಲ್ಲಿ ಜಂಬೂಸವಾರಿ ಎಷ್ಟು ಹೊತ್ತಿಗೆ ಎಂದು ಮಾತಾಡುತ್ತ ಹೋದರು. ಆಮೇಲೆ ಕೆರೆ ಏರಿಯ ಹತ್ತಿರ ಹೋದಾಗ ಪೈಪಿನ ಬಾಯಿಂದ ನೀರು ಬೀಳುವ ಸದ್ದು ಕೇಳಿಸಿತು.

ಮಂಗಳಾರತಿ ಮುಗಿದು ಕೀಬೋರ್ಡು ಕೈಗೆ ಬಂದ ತಕ್ಷಣ ನಾನು ಕೈಪಿಡಿ ತೆಗೆದೆ. ಸ್ಕ್ರೀನನ್ನು ಹೆಸರು ಹಿಡಿದು ಅಚ್ಚು ಮಾಡುವ ಇನ್ನೊಂದು ಫಂಕ್ಷನ್ನು ಅದರಲ್ಲೇ ಇತ್ತು. ಅದಕ್ಕೆ ಎದುರಿಗೆ ಏನು ತೆರೆದಿದ್ದರೂ ಲೆಕ್ಕವಿಲ್ಲ, ಕೆರೆಗಳ ಸ್ಕ್ರೀನು ಎಂದರೆ ಕೆರೆಗಳ ಸ್ಕ್ರೀನನ್ನೇ ಕೊಡುತ್ತದೆ. ಅದನ್ನು ಹಾಕಿದೆ. ಹಿರಿಯರನ್ನು ಕರೆದು, ತಾಯಿಯ ಚಿತ್ರ ಮತ್ತೆ ತೆರೆಯಿರಿ ಎಂದೆ. ತೆರೆದರು. ಪ್ರಿಂಟರಿನಿಂದ ಕೆರೆಗಳು ಬಂದವು. ಅವರು ಸ್ಕ್ರೀನು, ಹಾಳೆ ಎರಡನ್ನೂ ನೋಡಿ, "ಹಿಂಗಾದ್ರೆ ಮುಂದಿನ್ ವರ್ಷ ಒಂಬತ್ತು ದಿನಾನೂ ಇಡಬೋದು" ಅಂದರು. ಹಾಗೇ ಇಡುತ್ತಿದ್ದಾರೆ. ನಮ್ಮ ಸ್ಕ್ರಿಪ್ಟನ್ನು ಈಗ ಎಚ್.ಡಿ. ಕೋಟೆ ಕಡೆಯ ಇನ್ನೊಂದು ಪಂಪ್‌ಹೌಸಿನವರೂ ಹಾಕಿಕೊಂಡಿದ್ದಾರೆ. ಹಾಕಿಕೊಡಲು ನನ್ನನ್ನೇ ಕರೆಸಿದ್ದರು.

ತಾಯಿಯ ಹಾಳೆಗೆ ಹಿರಿಯರು ಕಟ್ಟು ಹಾಕಿಸಿ ಪ್ಯಾನೆಲ್ ಕೋಣೆಯಲ್ಲಿ ತೂಗುಹಾಕಿದ್ದಾರೆ.

ಮರುವರ್ಷದ ಆಯುಧಪೂಜೆಗೆ ನೀರುಗಂಟಿ ಕರೆಯದೆ ಬಂದರು. ಗಾಡಿಯಿಂದ ಚಾವಿ ಬಿಚ್ಚಿ, ತೊಳೆದು, ಕುಂಕುಮ ಹಚ್ಚಿ, ನಮ್ಮ ಸ್ಪಾನರುಗಳ ಸಾಲಿನಲ್ಲಿ ಕಂಪ್ಯೂಟರಿನ ಮುಂದೆ ಇಟ್ಟರು. ಊರಿನವರು ಕೇಳುವುದಿಲ್ಲವೇ ಎಂದೆ.

"ವರ್ಷಾಯ್ತು, ಯಾವನೂ ಕೇಳಿಲ್ಲ ಮೇಡಂ. ಮನೇಲಿ ಸುಮ್ನೆ ತುಕ್ಕು ಹಿಡಿತಿತ್ತು."

ಮರುದಿನ ಮಂಗಳಾರತಿ ಆದ ಮೇಲೆ ನಾವು ನಮ್ಮ ನಮ್ಮ ಸಾಮಾನು ಎತ್ತಿಕೊಂಡೆವು. ಅವರು ಹಾಳೆ ತೆಗೆದುಕೊಂಡು ಹೋದರು, ಚಾವಿ ತೆಗೆದುಕೊಳ್ಳಲಿಲ್ಲ. ಅದು ಈಗ ನಮ್ಮ ಟೂಲ್ ಬೋರ್ಡಿನ ಕೊನೆಯ ಮೊಳೆಯಲ್ಲಿದೆ. ವಾಲ್ವಿನ ಮೋಟರು ಕೆಟ್ಟಾಗ ಕೈಯಿಂದ ತಿರುಗಿಸಲು ನಾವೇ ಅದನ್ನು ಬಳಸುತ್ತೇವೆ. ವೆಲ್ಡಿಂಗ್ ಅಂಗಡಿಯವರು ಗಟ್ಟಿಯಾಗಿಯೇ ಮಾಡಿದ್ದಾರೆ.